ಐದು ಹತ್ತಕ್ಕೆ ಬರುವ ಗುಬ್ಬಿ

ಬೀಗದಕ್ಕನಿಗೆ ದೆವ್ವ ಭೂತಗಳಲ್ಲಿ ನಂಬಿಕೆ ಇರಲಿಲ್ಲ. ಲಿಫ್ಟ್ ಕಂಪನಿಯಲ್ಲಿ ಮೂವತ್ತೊಂದು ವರ್ಷ ದುಡಿದವರಿಗೆ ಅಂಥ ನಂಬಿಕೆ ಇದ್ದರೆ ಬದುಕುವುದು ಕಷ್ಟ. ಯಾರೂ ಗುಂಡಿ ಒತ್ತದೆ ಲಿಫ್ಟು ನಾಲ್ಕನೇ ಮಹಡಿಗೆ ಹೋಗಿ ಬಾಗಿಲು ತೆರೆದು ನಿಲ್ಲುತ್ತದೆ. ಅಲ್ಲಿದ್ದವರು ಹೌಹಾರಿ ಆಫೀಸಿಗೆ ಫೋನ್ ಮಾಡುತ್ತಾರೆ. ಇವಳು "ಗುಂಡಿ ಒಳಗೆ ಜಿರಳೆ ಸೇರ್ಕೊಂಡಿರುತ್ತೆ, ಯಾರನ್ನಾದ್ರೂ ಕಳಿಸ್ತೀನಿ" ಎಂದು ಫೋನ್ ಇಡುತ್ತಾಳೆ. ಹೀಗೆ ಎಷ್ಟೋ ದೆವ್ವಗಳನ್ನು ಜಿರಳೆಯ ತಲೆಗೆ ಕಟ್ಟಿದ ಹೆಂಗಸು ಒಂದು ಸೋಮವಾರ ಬೆಳಿಗ್ಗೆ ಸರ್ವರ್‌ನ ಒಂದು ಪಟ್ಟಿ ತೆರೆದು ನೋಡಿ ಕುರ್ಚಿಯಲ್ಲೇ ಕಲ್ಲಾದಳು. ಐದು ತಿಂಗಳ ಹಿಂದೆ ತೀರಿಕೊಂಡ ಗುಬ್ಬಿ, ಹಿಂದಿನ ದಿನ ಸಂಜೆ ಐದು ಹತ್ತಕ್ಕೆ ಬಂದು ಹೋಗಿದ್ದ.

ಮೊದಲು ಇವಳ ವಿಷಯ ಹೇಳಿಬಿಡುತ್ತೇನೆ. ಆ ಹೆಸರು ಬಂದದ್ದು ಬಿಡಿಭಾಗಗಳ ಕೋಣೆಯಿಂದ. ಇಪ್ಪತ್ತೇಳನೇ ವಯಸ್ಸಿನಲ್ಲಿ ಸ್ಟೋರ್ ನೋಡಿಕೊಳ್ಳಲು ಸೇರಿದಾಗ ಕೈಗೆ ಒಂದು ಬೀಗದಕೈ ಗೊಂಚಲು ಕೊಟ್ಟರು. ಅಂದಿನಿಂದ ಒಂದು ಸ್ಕ್ರೂ ಬೇಕೆಂದರೂ ಹಳೆಯ ಸ್ಕ್ರೂ ತಂದು ತೋರಿಸಬೇಕು ಎಂದಾಯಿತು. ಮಾಲೀಕರೇ ಒಮ್ಮೆ ತಮ್ಮ ಕೋಣೆಗೆ ಬಲ್ಬು ಕೇಳಲು ಬಂದು, ಸುಟ್ಟ ಬಲ್ಬು ತಂದಿಲ್ಲವೆಂದು ಬರಿಗೈಯಲ್ಲಿ ವಾಪಸಾದರು. ಅವಳ ಬಾಯಿ ಜೋರು ಎಂಬುದು ಕಟ್ಟಡದ ಕಾವಲುಗಾರನಿಗೂ ಗೊತ್ತಿತ್ತು. ಮನಸ್ಸು ಮೆತ್ತಗೆ ಎಂಬುದು ಗೊತ್ತಾಗಬೇಕಾದರೆ ಸಂಜೆಯವರೆಗೆ ಕಾಯಬೇಕಿತ್ತು. ಐದಕ್ಕೆ ಅವಳು ಚಹಾ ಕುಡಿಯುತ್ತಿದ್ದಳು. ಕುಡಿದು ಮುಗಿಸಲು ಹತ್ತು ನಿಮಿಷ. ಐದು ಹತ್ತಕ್ಕೆ ಹೋಗಿ ರಜೆ ಕೇಳಿದರೂ ಸಿಗುತ್ತಿತ್ತು, ಹೊಸ ಟಾರ್ಚು ಕೇಳಿದರೂ ಸಿಗುತ್ತಿತ್ತು, ಮಾಡಿದ ತಪ್ಪನ್ನು ಒಪ್ಪಿಕೊಂಡರೂ ಬೈಗುಳ ಅರ್ಧಕ್ಕೆ ಇಳಿಯುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನವೇ ಹೊಸಬರ ಕಿವಿಗೆ ಇದನ್ನು ಊದುತ್ತಿದ್ದರು. ಅವಳಿಗೂ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದಳು, ಅಷ್ಟೆ.

ಆಮೇಲೆ ಲಿಫ್ಟುಗಳ ಹೊಟ್ಟೆಯೊಳಗೆ ಕಂಪ್ಯೂಟರ್ ಬಂತು. ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು, ಎಷ್ಟು ತೂಕಕ್ಕೆ ನಿಲ್ಲಬೇಕು, ಬೆಂಕಿ ಬಿದ್ದರೆ ಎಲ್ಲಿಗೆ ಇಳಿಯಬೇಕು ಎಲ್ಲವನ್ನೂ ಪ್ರೋಗ್ರಾಂ ಹೇಳತೊಡಗಿತು. ಅದನ್ನು ಕಾಯಲು ಒಬ್ಬರು ಬೇಕಾದರು. "ಸ್ಕ್ರೂ ಕಾದವಳಿಗೆ ಅಕ್ಷರ ಕಾಯೋಕೆ ಬರಲ್ವಾ?" ಎಂದು ನಲವತ್ತು ದಾಟಿದವಳು ಹಟ ಹಿಡಿದು ಕಲಿತಳು. ಬರೆಯುವುದನ್ನೂ ಕಲಿತಳು, ಕಾಯುವುದನ್ನೂ ಕಲಿತಳು.

ಕಾಯುವ ಕೆಲಸ ಹೊರಗಿನವರಿಗೆ ಸ್ವಲ್ಪ ವಿಚಿತ್ರವಾಗಿ ಕಾಣುತ್ತದೆ. ಲಿಫ್ಟಿನ ಮೋಟರ್ ಕೋಣೆ ಇರುವುದು ಕಟ್ಟಡದ ನೆತ್ತಿಯಲ್ಲಿ, ನಾಲ್ಕೂ ಕಡೆ ಕಾಂಕ್ರೀಟು, ನೆಟ್‌ವರ್ಕಿನ ಸುಳಿವಿಲ್ಲ. ಆದ್ದರಿಂದ ಪ್ರತಿಯೊಬ್ಬ ಮೆಕ್ಯಾನಿಕ್‌ನ ಲ್ಯಾಪ್‌ಟಾಪಿನಲ್ಲೂ ಇಡೀ ಪ್ರೋಗ್ರಾಂ ಇರುತ್ತಿತ್ತು. ಬರೀ ಇವತ್ತಿನದಲ್ಲ, ಮೊದಲ ದಿನದಿಂದ ಇಂದಿನವರೆಗೆ ಯಾರು ಯಾವ ಸಾಲನ್ನು ಯಾವಾಗ ಯಾಕೆ ಬದಲಿಸಿದರು ಎಂಬ ಪೂರ್ತಿ ಚರಿತ್ರೆ. ಇದನ್ನು ಅವರು ರೆಪೊ ಎನ್ನುತ್ತಿದ್ದರು. ಆಫೀಸಿನ ಸರ್ವರ್‌ನಲ್ಲಿದ್ದ ರೆಪೊ ದೊಡ್ಡದೂ ಅಲ್ಲ, ಮೆಕ್ಯಾನಿಕ್‌ನ ಚೀಲದಲ್ಲಿದ್ದದ್ದು ಚಿಕ್ಕದೂ ಅಲ್ಲ. ಎಲ್ಲರೂ ಬಂದು ಸೇರಲು ಒಂದು ಜಾಗ ಬೇಕಲ್ಲ ಎಂದು ಸರ್ವರ್ ಇಟ್ಟಿದ್ದರು. ಮಾಡಿದ ಬದಲಾವಣೆಗೆ ಹೆಸರು, ಹೊತ್ತು, ಕಾರಣ ಬರೆದು ಗಂಟು ಕಟ್ಟಿದರೆ ಅದು ಕಮಿಟ್. ಕೆಳಗಿಳಿದು ಬಂದ ಮೇಲೆ, ಬೇರೆಯವರು ಸರ್ವರ್‌ಗೆ ತಂದಿಟ್ಟದ್ದನ್ನು ಮೊದಲು ತನ್ನ ಯಂತ್ರಕ್ಕೆ ಎಳೆದುಕೊಂಡು ತನ್ನದರ ಜೊತೆ ಬೆಸೆಯಬೇಕು. ಅದು ಪುಲ್. ಆಮೇಲೆ ತನ್ನದನ್ನು ಸರ್ವರ್‌ಗೆ ಕಳಿಸಬೇಕು. ಅದು ಪುಶ್. ಬೇರೆಯವರದನ್ನು ತೆಗೆದುಕೊಳ್ಳದೆ ತನ್ನದನ್ನು ಮಾತ್ರ ತುರುಕಲು ಹೋದರೆ, "ನೀನು ಹಿಂದೆ ಉಳಿದಿದ್ದೀಯ, ಮೊದಲು ಇಲ್ಲಿರುವುದನ್ನು ತೆಗೆದುಕೋ" ಎಂದು ಸರ್ವರ್ ತಿರುಗಿಸಿ ಕಳಿಸುತ್ತದೆ.

ಇಬ್ಬರು ಒಂದೇ ಸಾಲನ್ನು ಎರಡು ಥರ ಬದಲಿಸಿದ್ದರೆ ಮಾತ್ರ ಯಂತ್ರ ಕೈಚೆಲ್ಲುತ್ತದೆ. ಆಗ ಬೀಗದಕ್ಕ ಆ ಇಬ್ಬರನ್ನೂ ಸ್ಟೋರಿನ ಮುಂದಿನ ಬೆಂಚಿನ ಮೇಲೆ, ಒಂದೇ ಲ್ಯಾಪ್‌ಟಾಪಿನ ಮುಂದೆ ಕೂರಿಸುತ್ತಿದ್ದಳು. ಒಂದು ತೀರ್ಮಾನಕ್ಕೆ ಬರುವವರೆಗೆ ಇಬ್ಬರಿಗೂ ಚಹಾ ಇಲ್ಲ. ಸರ್ವರ್‌ಗೆ ಬರಲು ಪ್ರತಿಯೊಬ್ಬನಿಗೂ ಒಂದೊಂದು ಕೀ ಇರುತ್ತಿತ್ತು, ಕಂಪ್ಯೂಟರ್ ಒಳಗಿನ ಕೀ. ಕೊಡುವವಳೂ ಇವಳೇ, ಕಿತ್ತುಕೊಳ್ಳುವವಳೂ ಇವಳೇ.

ಗುಬ್ಬಿ ಇವಳ ಕೈಕೆಳಗೆ ಹನ್ನೊಂದು ವರ್ಷ ಇದ್ದ. ಐದಡಿಗೆ ಒಂದಂಗುಲ ಹೆಚ್ಚು. ಬೇರೆಯವರು ತಲೆ ತೂರಿಸಲಾಗದ ಕಿಂಡಿಯಲ್ಲಿ ಇಡೀ ಮೈ ತೂರಿಸುತ್ತಿದ್ದ. ಲಿಫ್ಟ್ ಮೆಕ್ಯಾನಿಕ್, ಆದರೆ ಬಾಡಿಗೆಗಿದ್ದದ್ದು ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. "ಮನೇಲೂ ಆ ಮುಖ ನೋಡ್ಬೇಕಾ ಅಕ್ಕಾ?" ಎನ್ನುತ್ತಿದ್ದ. ಬಾಯಲ್ಲಿ ಮಾತು ಕಡಿಮೆ, ಕಮಿಟ್‌ಗೆ ಬರೆಯುವ ಕಾರಣ ಮಾತ್ರ ಮಾರುದ್ದ. ಬೇರೆಯವರು "ಬಾಗಿಲು ಸರಿ ಮಾಡಿದೆ" ಎಂದು ಬರೆದರೆ ಇವನು, "ಎರಡನೇ ಮಹಡಿಯ ಅಜ್ಜ ಕೋಲು ಎತ್ತಿಡುವಷ್ಟರಲ್ಲಿ ಬಾಗಿಲು ಮುಚ್ಚುತ್ತದೆ ಎಂದು ಬೈದರು. ಬೈದದ್ದರಲ್ಲಿ ತಪ್ಪಿರಲಿಲ್ಲ" ಎಂದು ಬರೆಯುತ್ತಿದ್ದ. ಬೀಗದಕ್ಕ ಅವುಗಳನ್ನು ಜೋರಾಗಿ ಓದಿ, "ಕಾದಂಬರಿ ಬರೆಯೋನಿಗೆ ಸ್ಪ್ಯಾನರ್ ಕೊಟ್ಟಿದ್ದಾರೆ" ಎಂದು ರೇಗಿಸುತ್ತಿದ್ದಳು. ಆದರೆ ಒಂದನ್ನೂ ಓದದೆ ಬಿಟ್ಟವಳಲ್ಲ. ಮದುವೆಯಾಗದ ಅವಳಿಗೆ ತಮ್ಮ ಅಂತ ಇದ್ದದ್ದು ಅವನೊಬ್ಬನೇ ಎಂದರೂ ಸರಿ.

ಆ ಗುರುವಾರ ನಡೆದದ್ದು ಇಷ್ಟು. ವಯಸ್ಸಾದವರೇ ಹೆಚ್ಚು ಇರುವ ಒಂದು ಕಟ್ಟಡದ ಲಿಫ್ಟಿಗೆ ಬೀಗದಕ್ಕ ಮೂರು ವಾರ ಕೂತು ಹೊಸದಾಗಿ ಬರೆದಿದ್ದಳು. ಲಿಫ್ಟು ನಿಧಾನ ಎಂಬ ದೂರು ಇತ್ತು. ಅದಕ್ಕೆ ಬಾಗಿಲು ತೆರೆದಿರುವ ಹೊತ್ತನ್ನು ಆರು ಸೆಕೆಂಡಿನಿಂದ ಮೂರಕ್ಕೆ ಇಳಿಸಿದ್ದಳು. ಆ ಬೆಳಿಗ್ಗೆ ಅದು ಲಿಫ್ಟಿಗೂ ಹೋಗಿತ್ತು. ಗುಬ್ಬಿ ಅದೇ ಕಟ್ಟಡದ ನೆತ್ತಿಯ ಮೇಲೆ ಕೂತು ಅದೇ ಬಾಗಿಲಿಗೆ ಬೇರೆ ಏನೋ ಬರೆದ. ಕೆಳಗೆ ಬಂದು ಪುಶ್ ಮಾಡಿದರೆ ಸರ್ವರ್ ತಿರುಗಿಸಿ ಕಳಿಸಿತು. ಅಕ್ಕನಿಗೆ ಎರಡು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಅವನಿಗೆ ಏನು ಅವಸರವಿತ್ತೋ, ಬಲವಂತದ ಪುಶ್ ಎಂಬುದೊಂದಿದೆ, "ಅಲ್ಲಿರುವುದು ಏನಾದರೂ ಆಗಲಿ, ನನ್ನದೇ ಇರಲಿ" ಎನ್ನುವಂಥದ್ದು, ಅದನ್ನು ಒತ್ತಿಬಿಟ್ಟ. ಸರ್ವರ್‌ನಲ್ಲಿದ್ದ ಅಕ್ಕನ ಮೂರು ವಾರದ ಕೆಲಸ ಗುಡಿಸಿ ಹಾಕಿದ ಹಾಗೆ ಹೋಯಿತು.

ನಿಜ ಹೇಳಬೇಕೆಂದರೆ ಕಳೆದುಹೋದದ್ದು ಏನೂ ಇರಲಿಲ್ಲ. ಅವಳ ಯಂತ್ರದಲ್ಲಿ ಅವಳದು ಪೂರ್ತಿ ಇತ್ತು. ಆ ದಿನ ಬೆಳಿಗ್ಗೆ ಪುಲ್ ಮಾಡಿದವರ ಹತ್ತಿರವೂ ಇತ್ತು. ಎರಡು ನಿಮಿಷದ ಕೆಲಸ. ಆದರೆ ಅವಳ ನೆತ್ತಿಗೇರಿದ್ದು ಕೆಲಸ ಹೋಯಿತೆಂದಲ್ಲ, ತಾನು ಕಲಿಸಿದವನೇ ತನ್ನ ಮೇಲೆ ಕಾಲಿಟ್ಟು ನಡೆದನಲ್ಲ ಎಂದು. ಅವನು ಕಳಿಸಿದ್ದು ಏನೆಂದು ಕಣ್ಣೆತ್ತಿಯೂ ನೋಡದೆ, ಅವಳೂ ಬಲವಂತದ ಪುಶ್ ಒತ್ತಿದಳು. ಈಗ ಅವನ ಕೆಲಸ ಸರ್ವರ್‌ನಿಂದ ಮಾಯವಾಯಿತು. ಅಲ್ಲಿಗೇ ನಿಲ್ಲದೆ ಅವನ ಕೀ ಕಿತ್ತುಹಾಕಿ, ಫೋನ್ ಮಾಡಿ, "ಇನ್ಮೇಲೆ ನಿನ್ನ ಕೆಲಸ ನಿನ್ನ ಹತ್ರಾನೇ ಇಟ್ಕೊ" ಎಂದಳು.

ಶುಕ್ರವಾರ ಅವನು ಬಂದು ಸ್ಟೋರಿನ ಬಾಗಿಲಲ್ಲಿ ನಿಂತಾಗ ತಲೆ ಎತ್ತಲಿಲ್ಲ. ಸಂಜೆ ಐದು ಹತ್ತಕ್ಕೆ ಮತ್ತೆ ಬಂದ. ಅವತ್ತು ಬೇಕೆಂದೇ ಚಹಾವನ್ನು ಐದೂವರೆಯವರೆಗೆ ಎಳೆದಳು. ಒಳಗೊಳಗೆ ಲೆಕ್ಕ ಹಾಕಿಯೂ ಇದ್ದಳು: ಸ್ವಲ್ಪ ಬಿಸಿ ಮುಟ್ಟಲಿ, ಬುಧವಾರ ಕೀ ಕೊಟ್ಟರಾಯಿತು. ಮಂಗಳವಾರ ಬೆಳಿಗ್ಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತ ಗುಬ್ಬಿ ಬಸ್ಸು ಬಂದಾಗ ಏಳಲಿಲ್ಲ. ಎದೆಬಡಿತ ನಿಂತಿತ್ತು. ನಲವತ್ತೆರಡು ವರ್ಷ.

ಅದಾದ ಮೇಲೆ ಐದು ತಿಂಗಳು ಬೀಗದಕ್ಕ ಹೇಗಿದ್ದಳು ಎಂದರೆ, ಕೆಲಸಕ್ಕೆ ಬರುತ್ತಿದ್ದಳು, ಬೈಯುತ್ತಿರಲಿಲ್ಲ. ಆಫೀಸಿನವರಿಗೆ ಅದೇ ಭಯ ಹುಟ್ಟಿಸುವಂತಿತ್ತು. ಕೊನೆಯದಾಗಿ ಆಡಿದ ಮಾತು ಅವಳ ತಲೆಯಲ್ಲಿ ಸುತ್ತುತ್ತಿತ್ತು. ಊಟಕ್ಕೆ ಕೂತಾಗ, ಬಟ್ಟೆ ಒಗೆಯುವಾಗ, ಇನ್ಮೇಲೆ ನಿನ್ನ ಕೆಲಸ ನಿನ್ನ ಹತ್ರಾನೇ. ಅವನು ಅದನ್ನೇ ಕಿವಿಯಲ್ಲಿಟ್ಟುಕೊಂಡು ಹೋದನೇ? ಇಷ್ಟನ್ನು ತಿಳಿಯಬೇಕಿತ್ತು ಅವಳಿಗೆ. ತಿಳಿಯುವ ದಾರಿ ಮಾತ್ರ ಕಾಣುತ್ತಿರಲಿಲ್ಲ.

ಆ ಸೋಮವಾರ ಸರ್ವರ್‌ನಲ್ಲಿ ಜಾಗ ಸಾಲದೆ, ಯಾರೂ ಓದದ ಹಳೆಯ ಪಟ್ಟಿಗಳನ್ನು ಅಳಿಸಲು ಕೂತಿದ್ದಳು. ಅದರಲ್ಲೊಂದು, ಒಳಗೆ ಬರಲು ನೋಡಿ ತಿರುಗಿಹೋದವರ ಪಟ್ಟಿ. ಸಾಮಾನ್ಯವಾಗಿ ಹೊರಗಿನ ಪೋಕರಿಗಳ ಕಾಟ ಅದು. ಅಳಿಸುವ ಮೊದಲು ಸುಮ್ಮನೆ ಕಣ್ಣು ಹಾಯಿಸಿದಳು. ಕೊನೆಯ ಸಾಲು: ಗುಬ್ಬಿ, ಭಾನುವಾರ, ಐದು ಹತ್ತು, ನಿರಾಕರಿಸಲಾಗಿದೆ. ಅದರ ಮೇಲಿನದು: ಗುಬ್ಬಿ, ಶನಿವಾರ, ಐದು ಹತ್ತು, ನಿರಾಕರಿಸಲಾಗಿದೆ. ಮೇಲೆ ಮೇಲೆ ಹೋದಳು. ಅವನು ತೀರಿಕೊಂಡ ದಿನವೂ ಬಂದಿದ್ದ. ಮಣ್ಣಾದ ದಿನವೂ ಬಂದಿದ್ದ. ನೂರ ನಲವತ್ತೊಂದು ಸಲ ಬಂದು, ನೂರ ನಲವತ್ತೊಂದು ಸಲ ಇಲ್ಲ ಎನ್ನಿಸಿಕೊಂಡು ಹೋಗಿದ್ದ. ಹಗಲು ಹನ್ನೊಂದು ಗಂಟೆ, ಕಿಟಕಿಯಲ್ಲಿ ಬಿಸಿಲು, ಹೊರಗೆ ಯಾರೋ ಡ್ರಿಲ್ ಹಾಕುತ್ತಿದ್ದರು. ಆದರೂ ಅವಳಿಗೆ ಹಿಂದೆ ತಿರುಗಿ ಬಾಗಿಲ ಕಡೆ ನೋಡಲು ಧೈರ್ಯವಾಗಲಿಲ್ಲ.

ಗುಬ್ಬಿಯ ಜೊತೆಗಾರ ಉದ್ದಣ್ಣನನ್ನು ಕರೆದಳು. ಆರಡಿ ಮೂರಂಗುಲದ ಆಳು, ಬಗ್ಗಿ ಒಳಗೆ ಬಂದ. ಪಟ್ಟಿಯನ್ನು ಕೆಳಗಿನಿಂದ ಮೇಲಿನವರೆಗೆ ಓದಿದ.

"ಅಕ್ಕಾ, ಅವನ ಲ್ಯಾಪ್‌ಟಾಪ್ ಇನ್ನೂ ಮನೇಲೇ ಇದೆಯಲ್ಲ. ಆನ್ ಇದ್ರೆ ಅದೇ ಬರ್ತಿರುತ್ತೆ. ದಿನಾ ಒಂದು ಸಲ ಪುಶ್ ಮಾಡೋ ಹಾಗೆ ಏನೋ ಬರೆದಿಟ್ಟಿರ್ತಾನೆ."

"ಏನಿದೆಯೋ ಅದರಲ್ಲಿ ಕಳಿಸೋಕೆ?"

ಉದ್ದಣ್ಣ ಕತ್ತು ಕೆರೆದುಕೊಂಡ. "ಆ ಶನಿವಾರ ಅವನು ನಮ್ಮ ಮನೆಗೆ ಬಂದಿದ್ದ ಅಕ್ಕಾ. ಕೀ ಇರಲಿಲ್ವಲ್ಲ, ಸರ್ವರಿಂದ ತಗೊಳ್ಳೋ ಹಾಗಿರಲಿಲ್ಲ. ನಿಮ್ಮ ಸಾಲುಗಳು ನನ್ನ ಲ್ಯಾಪ್‌ಟಾಪಲ್ಲಿ ಇತ್ತು. ಕೇಬಲ್ ಹಾಕ್ಕೊಂಡು ನನ್ನ ಹತ್ರದಿಂದ ಎಳ್ಕೊಂಡ. ಅರ್ಧ ದಿನ ಕೂತು ಏನೋ ಮಾಡ್ತಿದ್ದ."

"ಇಷ್ಟು ದಿನ ಯಾಕೆ ಹೇಳಲಿಲ್ಲ ನನಗೆ?"

"ಹೇಗೆ ಹೇಳ್ಲಿ? ಮೊದಲು ನೀವು ಸಿಟ್ಟಲ್ಲಿದ್ರಿ. ಆಮೇಲೆ ನೀವು ಅಳ್ತಿದ್ರಿ."

ಆ ದಿನ ಐದಕ್ಕೆ ಅವಳು ಚಹಾ ಕುಡಿಯಲಿಲ್ಲ. ಗುಬ್ಬಿಯ ಕೀಯನ್ನು ಮತ್ತೆ ಪಟ್ಟಿಗೆ ಸೇರಿಸಿ, ಪರದೆಯ ಮುಂದೆ ಕೈಕಟ್ಟಿ ಕೂತಳು. ಬಾರೋ, ತೆಗೆದಿದ್ದೀನಿ. ಐದು ಒಂಬತ್ತು. ಐದು ಹತ್ತು. ಹೊಸ ಸಾಲು ಮೂಡಿತು: ಗುಬ್ಬಿ, ಸೋಮವಾರ, ಐದು ಹತ್ತು. ಪಕ್ಕದಲ್ಲೇ ಮೂಡಿತು: ಹಿಂದೆ ಉಳಿದಿದೆ, ನಿರಾಕರಿಸಲಾಗಿದೆ.

ಅವಳು ಹಣೆ ಚಚ್ಚಿಕೊಂಡಳು. ಇಷ್ಟು ವರ್ಷ ಎಲ್ಲರಿಗೂ ಪಾಠ ಹೇಳಿದವಳಿಗೆ ಇದೇ ಹೊಳೆದಿರಲಿಲ್ಲ. ಐದು ತಿಂಗಳಲ್ಲಿ ಸರ್ವರ್ ಎಷ್ಟೋ ಮುಂದೆ ಹೋಗಿತ್ತು. ಅದನ್ನೆಲ್ಲ ಮೊದಲು ತೆಗೆದುಕೊಂಡು ಬಾ ಎಂದರೆ ಅವನು ಎಲ್ಲಿಂದ ತೆಗೆದುಕೊಂಡಾನು? ಅವನ ಯಂತ್ರಕ್ಕೆ ಪುಶ್ ಮಾಡಲು ಹೇಳಿ ಹೋಗಿದ್ದ, ಪುಲ್ ಮಾಡಲು ಹೇಳಿರಲಿಲ್ಲ. ಇನ್ನು ಅವನು ಬರುವ ಹಾಗಿಲ್ಲ, ಇವಳೇ ಹೋಗಬೇಕು. ಅದೂ ಬೇಗ ಹೋಗಬೇಕು. ಕೆಲಸ ಬಿಟ್ಟುಹೋದವರ ಲ್ಯಾಪ್‌ಟಾಪ್ ವಾಪಸ್ ತಂದು ಪೂರ್ತಿ ಅಳಿಸಿ ಹೊಸಬರಿಗೆ ಕೊಡುವುದು ಕಂಪನಿಯ ನಿಯಮ. ಗುಬ್ಬಿಯ ಮನೆಗೆ ಅದಕ್ಕಾಗಿ ಮೂರು ಪತ್ರ ಹೋಗಿದ್ದವು; ಮೂರಕ್ಕೂ ಸ್ಟೋರಿನ ಪರವಾಗಿ ಸಹಿ ಹಾಕಿದವಳು ಇವಳೇ. ಶುಕ್ರವಾರ ಆಳು ಕಳಿಸುತ್ತೇನೆ ಎಂದು ಮ್ಯಾನೇಜರ್ ಬೆಳಿಗ್ಗೆ ತಾನೇ ಹೇಳಿದ್ದ.

ಮರುದಿನ ಮಧ್ಯಾಹ್ನ ರಜೆ ಹಾಕಿದಳು. ಗುಬ್ಬಿಯ ಕಟ್ಟಡ ಸಿಕ್ಕಾಗ ಐದಾಗಿತ್ತು. ಮೆಟ್ಟಿಲು ಕಡಿದಾಗಿತ್ತು, ಗೋಡೆಯ ಬಣ್ಣ ಸೊಂಟದೆತ್ತರಕ್ಕೆ ಸವೆದಿತ್ತು. ಐವತ್ತೆಂಟರ ಮಂಡಿಗೆ ಮೂರು ಮಹಡಿ ಎಂದರೆ ಹುಡುಗಾಟವಲ್ಲ. ಎರಡನೇ ಮಹಡಿಯ ತಿರುವಿನಲ್ಲಿ ಕಂಬಿ ಹಿಡಿದು ಉಸಿರು ತಿರುಗಿಸಿಕೊಳ್ಳುತ್ತಿದ್ದಾಗ ಮೇಲಿನಿಂದ ಕೇಳಿಸಿತು.

ಟಿಣ್, ಟೊಣ್.

ಲಿಫ್ಟು ಬಂದು ನಿಂತಾಗ ಹೊಡೆಯುವ ಗಂಟೆ. ಅವರ ಕಂಪನಿಯದೇ, ಮೊದಲನೆಯದು ಏರುದನಿ, ಎರಡನೆಯದು ಇಳಿದನಿ. ನಿದ್ದೆಯಲ್ಲಿ ಕೇಳಿದರೂ ಗುರುತು ಹಿಡಿದಾಳು. ಆದರೆ ಈ ಕಟ್ಟಡದಲ್ಲಿ ಲಿಫ್ಟು ಇರಲಿಲ್ಲ, ಲಿಫ್ಟಿಗೆ ಜಾಗವೂ ಇರಲಿಲ್ಲ. ಬಾಗಿಲು ಸರಿಯುವ ಸದ್ದಿಗೆ, ಯಾರಾದರೂ ಹೊರಗೆ ಕಾಲಿಡುವ ಸದ್ದಿಗೆ ಅವಳ ಕಿವಿ ತಾನಾಗಿ ಕಾಯಿತು. ಏನೂ ಬರಲಿಲ್ಲ. ಕೈಗಡಿಯಾರ ನೋಡಿಕೊಂಡಳು. ನೋಡುವ ಅಗತ್ಯವಿರಲಿಲ್ಲ. ಕೂದಲು ನಿಮಿರಿ ನಿಂತದ್ದನ್ನು ಕೈಯಿಂದ ಒತ್ತಿಕೊಳ್ಳುತ್ತಾ ಉಳಿದ ಮೆಟ್ಟಿಲು ಹತ್ತಿದಳು.

ಬಾಗಿಲು ತೆಗೆದದ್ದು ಗುಬ್ಬಿಯ ಹೆಂಡತಿ. ಮನೆಯಲ್ಲೇ ಬಟ್ಟೆ ಹೊಲಿಯುವವಳು, ಕುತ್ತಿಗೆಯಲ್ಲಿ ಅಳತೆ ಟೇಪು. ಇವಳನ್ನು ಕಂಡದ್ದೇ ಮುಖ ಬಿಳಿಚಿಕೊಂಡಿತು.

"ಲ್ಯಾಪ್‌ಟಾಪ್ ತಗೊಂಡು ಹೋಗೋಕೆ ಬಂದ್ರಾ ಅಕ್ಕಾ?"

"ಇಲ್ಲಮ್ಮಾ. ನೋಡೋಕೆ ಬಂದೆ."

ಹೊಲಿಗೆ ಯಂತ್ರದ ಪಕ್ಕ ಒಂದು ಸಣ್ಣ ಮೇಜು, ಅದರ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿತ್ತು. ಧೂಳಿನ ಒಂದು ಕಣವೂ ಇರಲಿಲ್ಲ. ಚಾರ್ಜರ್ ವೈರು ಸಡಿಲವಾಗದ ಹಾಗೆ ಬಟ್ಟೆಯ ಪಟ್ಟಿಯಿಂದ ಕಟ್ಟಿತ್ತು. ಎದುರಿಗೆ ಒಂದು ಸ್ಟೂಲು. ಈಗ ತಾನೇ ಎದ್ದು ಬಂದವಳು ಅಲ್ಲೇ ಕೂತಿದ್ದಳೆಂದು ಕಾಣುತ್ತಿತ್ತು.

"ಕೇಳಿಸ್ತಾ ನಿಮಗೆ, ಬರುವಾಗ?" ಎಂದಳು ಹೆಂಡತಿ. "ಮೊದಮೊದಲು ಮನೆ ತುಂಬಾ ಜನ, ಗೊತ್ತೇ ಆಗಲಿಲ್ಲ. ಎಲ್ಲರೂ ಹೋದ ಮೇಲೆ ಒಂದಿನ ಕೇಳಿಸ್ತು ನೋಡಿ, ಜೀವ ಹೋದ ಹಾಗಾಯ್ತು. ಲಿಫ್ಟ್ ಬಂತು, ಇವರು ಬಂದ್ರು ಅಂತ ಬಾಗಿಲು ತೆಗೆದುಬಿಟ್ಟೆ. ಈಗ ಐದಾದ್ರೆ ಮೆಷಿನ್ ನಿಲ್ಲಿಸಿ ಇಲ್ಲಿ ಕೂತಿರ್ತೀನಿ. ಕರೆಂಟ್ ಇಲ್ಲದ ದಿನ ಕೇಳಿಸಲ್ಲ. ಅವತ್ತು ಊಟ ಸೇರಲ್ಲ ನನಗೆ. ಅದಕ್ಕೇ ಅಕ್ಕಾ ಕೊಟ್ಟಿಲ್ಲ. ಕದಿಯೋ ಬುದ್ಧಿಯಿಂದ ಅಲ್ಲ."

ಬೀಗದಕ್ಕ ಸ್ಟೂಲಿನ ಮೇಲೆ ಕೂತು ಕೀಬೋರ್ಡ್ ಮುಟ್ಟಿದಳು. ದಿನಾ ಐದು ಹತ್ತಕ್ಕೆ ನಡೆಯುವ ಆ ಸಣ್ಣ ಪ್ರೋಗ್ರಾಂ ಹುಡುಕಲು ಕಷ್ಟವಾಗಲಿಲ್ಲ. ಅದಕ್ಕೆ ಗುಬ್ಬಿ ಇಟ್ಟಿದ್ದ ಹೆಸರು "ಅಕ್ಕನ ಸಿಟ್ಟು ಇಳಿಯುವವರೆಗೆ". ಒಳಗೆ ನಾಲ್ಕೇ ಸಾಲು. ಪುಶ್ ಮಾಡಿ ನೋಡು. ತೆಗೆದುಕೊಂಡರೆ ಇನ್ನು ಬರಬೇಡ. ತೆಗೆದುಕೊಳ್ಳದಿದ್ದರೆ ಗಂಟೆ ಹೊಡಿ, ನಾಳೆ ಮತ್ತೆ ಬಾ. ಪಕ್ಕದಲ್ಲಿ ತನಗೇ ಒಂದು ಟಿಪ್ಪಣಿ ಬರೆದುಕೊಂಡಿದ್ದ: ಹೊತ್ತು ಬದಲಿಸಬೇಡ, ಚಹಾ ಆದ ಮೇಲೆಯೇ ಸರಿ.

ಅವಳು ಓದಿದ್ದನ್ನೇ ಮತ್ತೆ ಓದಿದಳು. ಅಕ್ಷರಗಳು ಕಲಸಿಕೊಂಡವು.

"ಅದು ಯಾಕೆ ಹೊಡಿಯುತ್ತೆ ಅಕ್ಕಾ, ಆ ಗಂಟೆ?"

ಹೇಳದೆ ಜಾರಿಕೊಳ್ಳಬಹುದಿತ್ತು. ಇವಳು ಹಾಗೆ ಜಾರಿಕೊಳ್ಳುವ ಪೈಕಿ ಅಲ್ಲ. "ನಾನು ಬೇಡ ಅಂದಾಗಲೆಲ್ಲ ಹೊಡಿಯುತ್ತೆ ಕಣಮ್ಮಾ. ಅವನ ಕೆಲಸ ಒಳಗೆ ಬಿಡದೆ ಬೀಗ ಹಾಕಿದ್ದೆ. ದಿನಾ ಬಂದು ಕೇಳ್ತಿದ್ದಾನೆ."

ಹೆಂಡತಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಬೈಯುತ್ತಾಳೆ ಎಂದುಕೊಂಡಳು ಬೀಗದಕ್ಕ. ಬೈದರೆ ಒಳ್ಳೆಯದಿತ್ತು.

"ಬೀಗ ಹಾಕಿದ್ದು ಗೊತ್ತು ಅಕ್ಕಾ. ಹೇಳಿದ್ರು. ‘ಅಕ್ಕ ಚೆನ್ನಾಗಿ ಬೈದ್ರು ಕಣೇ, ತಪ್ಪು ನಂದೇ’ ಅಂತ ನಗ್ತಿದ್ರು. ‘ಇನ್ನೆರಡು ದಿನ, ಇಳಿಯುತ್ತೆ’ ಅಂದ್ರು."

ತಂದಿದ್ದ ಕೇಬಲ್ಲಿನಿಂದ ತನ್ನ ಲ್ಯಾಪ್‌ಟಾಪನ್ನು ಅವನದಕ್ಕೆ ಜೋಡಿಸಿ, ಅವನಲ್ಲಿದ್ದು ತನ್ನಲ್ಲಿಲ್ಲದ್ದನ್ನು ಎಳೆದುಕೊಂಡಳು. ಹೀಗೆ ತೆಗೆದುಕೊಂಡರೆ ಅವನ ಯಂತ್ರದಲ್ಲಿ ಏನೂ ಅಲುಗುವುದಿಲ್ಲ. ಹನ್ನೊಂದು ಕಮಿಟ್ ಬಂದವು. ಮೊದಲನೆಯದು ಆ ಗುರುವಾರದ್ದು: "ಮೂರು ಸೆಕೆಂಡಿಗೆ ಇಳಿದ ಮೇಲೆ ಇಲ್ಲಿ ಒಬ್ಬ ಅಜ್ಜಿಯ ಕೋಲು ಬಾಗಿಲಿಗೆ ಸಿಕ್ಕಿ ಮುರಿಯಿತು. ನಾಳೆ ಕೈ ಸಿಕ್ಕೀತು. ಅಕ್ಕ ಫೋನ್ ಎತ್ತಲಿಲ್ಲ. ಆಮೇಲೆ ಬೈಸಿಕೊಳ್ಳುತ್ತೇನೆ, ಇವತ್ತೇ ಹೋಗಲಿ." ಕೊನೆಯದು ಭಾನುವಾರದ್ದು: "ಅವಸರದಲ್ಲಿ ಅಕ್ಕನ ಮೂರು ವಾರದ ಕೆಲಸದ ಮೇಲೆ ನನ್ನದನ್ನು ಹೇರಿದೆ. ಅವರ ಸಾಲುಗಳನ್ನೆಲ್ಲ ಉದ್ದಣ್ಣನಿಂದ ತಂದು ಒಂದೊಂದಾಗಿ ಕೂರಿಸಿದ್ದೇನೆ. ಅವರ ಮೂರು ಸೆಕೆಂಡ್ ಹಾಗೇ ಇದೆ. ಹೊಸ್ತಿಲ ಮೇಲೆ ಕೋಲು, ಕಾಲು ಏನು ಕಂಡರೂ ಎಣಿಕೆ ಮೊದಲಿನಿಂದ. ಹೀಗಾದರೆ ಇಬ್ಬರದೂ ಉಳಿಯುತ್ತದೆ."

ವಯಸ್ಸಾದವರ ಆ ಕಟ್ಟಡದಿಂದ ಐದು ತಿಂಗಳಲ್ಲಿ ಬಾಗಿಲಿನ ಬಗ್ಗೆ ನಾಲ್ಕು ದೂರು ಬಂದಿದ್ದವು. ನಾಲ್ಕಕ್ಕೂ ಅವಳು ಸೆನ್ಸರ್ ಒರೆಸಲು ಆಳು ಕಳಿಸಿದ್ದಳು. ಬೆಂಚಿನ ಮೇಲೆ ಇಬ್ಬರನ್ನು ಕೂರಿಸಿ ಮಾಡಿಸಬೇಕಾದ ಕೆಲಸವನ್ನು ಗುಬ್ಬಿ ಒಬ್ಬನೇ ಕೂತು, ಇಬ್ಬರ ಪರವಾಗಿಯೂ ಮಾಡಿ ಮುಗಿಸಿದ್ದ. ಬೀಗದಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಹೆಂಡತಿ ನೀರು ತಂದಿಟ್ಟು ಪಕ್ಕದಲ್ಲಿ ನಿಂತಳು.

ಅತ್ತು ಮುಗಿದ ಮೇಲೆ ಅವಳಿಗೆ ಒಂದೇ ಆಸೆ ಹುಟ್ಟಿತು. ಅಲ್ಲೇ ಕೂತು ಅವನದನ್ನು ತನ್ನದರೊಡನೆ ಬೆಸೆದಳು. ಬೆಸೆದ ಕಮಿಟ್‌ಗೆ ಕಾರಣ ಬರೆದಳು: "ಗುಬ್ಬಿಯ ಕೆಲಸ ಸೇರಿಸಿದೆ. ಸಿಟ್ಟು ಇಳಿದಿದೆ ಕಣೋ. ತಪ್ಪು ನನ್ನದು." ಮನೆಯ ನೆಟ್‌ವರ್ಕಿನಿಂದಲೇ ಸರ್ವರ್‌ಗೆ ಕಳಿಸಿದಳು. ಇನ್ನು ಉಳಿದದ್ದು ಗುಬ್ಬಿಯ ಯಂತ್ರದಲ್ಲಿ ಒಂದು ಪುಲ್. ಅದೊಂದು ಆದರೆ ಈ ಮಾತು ಅವನ ರೆಪೊಗೆ ಬಂದು ಸೇರುತ್ತದೆ, ಅವನ ಹನ್ನೊಂದರ ಕೆಳಗೇ ಕೂರುತ್ತದೆ. ನಾಳೆ ಐದು ಹತ್ತಕ್ಕೆ ಸರ್ವರ್ ಆಗಲಿ ಎನ್ನುತ್ತದೆ. ಐದು ತಿಂಗಳಲ್ಲಿ ಮೊದಲ ಸಲ ಅವಳಿಗೆ ಎದೆ ಹಗುರಾದ ಹಾಗಾಯಿತು. ಅವನ ಕೀಬೋರ್ಡಿನ ಮೇಲೆ ಪುಲ್ ಎಂಬುದರ ನಾಲ್ಕು ಇಂಗ್ಲಿಷ್ ಅಕ್ಷರ ಒತ್ತಿ, ಕೊನೆಯ ಗುಂಡಿಯ ಮೇಲೆ ಬೆರಳಿಟ್ಟಳು.

"ಅಕ್ಕಾ, ಒಂದು ಕೇಳ್ಲಾ?" ಎಂದಳು ಹೆಂಡತಿ ಹಿಂದಿನಿಂದ. "ಇದು ಒಳಗೆ ಹೋದ ಮೇಲೆ, ನಾಳೆ ಗಂಟೆ ಹೊಡಿಯುತ್ತಾ?"

ಬೀಗದಕ್ಕನ ಬೆರಳು ಅಲ್ಲೇ ನಿಂತಿತು.

"ಇಲ್ಲಮ್ಮಾ. ಕೆಲಸ ಮುಗಿದ ಮೇಲೆ ಅದು ಬರಲ್ಲ. ಹಾಗಂತ ಅವನೇ ಬರೆದಿದ್ದಾನೆ."

ಹೆಂಡತಿ ಬೇಡ ಎನ್ನಲಿಲ್ಲ. ಕುತ್ತಿಗೆಯ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. "ಸರಿ ಅಕ್ಕಾ. ಅವರ ಆಸೆ ಅದೇ ಅಲ್ವಾ," ಎಂದಳು.

ಬೀಗದಕ್ಕ ಒತ್ತಿದ್ದ ಅಕ್ಷರಗಳನ್ನು ಒಂದೊಂದಾಗಿ ಅಳಿಸಿದಳು. ಕೇಬಲ್ ಬಿಚ್ಚಿ ಸುತ್ತಿ ಚೀಲಕ್ಕೆ ಹಾಕಿದಳು. ಬಟ್ಟೆಯ ಪಟ್ಟಿ ಸಡಿಲವಾಗಿದೆಯೇ ಎಂದು ನೋಡಿ, ಚಾರ್ಜರ್ ವೈರಿಗೆ ಇನ್ನೊಂದು ಗಂಟು ಬಿಗಿದಳು.

"ಹೊಡಿಯುತ್ತೆ. ನಾಳೆನೂ ಹೊಡಿಯುತ್ತೆ," ಎಂದಳು.

ಬುಧವಾರ ಸ್ಟೋರಿನ ಪುಸ್ತಕದಲ್ಲಿ ಆ ಲ್ಯಾಪ್‌ಟಾಪಿನ ಎದುರು "ಕೆಟ್ಟಿದೆ, ವಾಪಸ್ ಪಡೆಯುವ ಅಗತ್ಯವಿಲ್ಲ" ಎಂದು ಬರೆದಳು. ಮೂವತ್ತೊಂದು ವರ್ಷದಲ್ಲಿ ಆ ಪುಸ್ತಕಕ್ಕೆ ಅವಳು ಬರೆದ ಮೊದಲ ಸುಳ್ಳು. ಎಲ್ಲರಿಗೂ ಪುಲ್ ಮಾಡಲು ಹೇಳಿದಳು. ಉದ್ದಣ್ಣ ಮಾಡಿದ, ಉಳಿದವರೂ ಮಾಡಿದರು, ಮ್ಯಾನೇಜರ್ ಕೂಡ ಮಾಡಿದ. ಅಕ್ಕ ಬರೆದ ಆ ಮೂರು ಮಾತು ಪ್ರತಿಯೊಬ್ಬರ ಯಂತ್ರಕ್ಕೂ ಹೋಯಿತು. ಆ ಕಟ್ಟಡದಿಂದ ಬಾಗಿಲಿನ ದೂರು ಮತ್ತೆ ಬರಲಿಲ್ಲ.

ಈಗ ಅವಳು ಮತ್ತೆ ಬೈಯುತ್ತಾಳೆ, ಆಫೀಸಿಗೆ ಜೀವ ಬಂದಿದೆ. ಸರ್ವರ್ ನೋಡಲು ಬಂದ ಹೊಸ ಹುಡುಗಿ ಒಮ್ಮೆ, "ಮೇಡಂ, ಯಾವುದೋ ಹಳೇ ಲ್ಯಾಪ್‌ಟಾಪ್ ದಿನಾ ಕಾಟ ಕೊಡ್ತಿದೆ, ನಿಲ್ಲಿಸಿಬಿಡ್ಲಾ?" ಎಂದು ಕೇಳಿ ಜನ್ಮದಲ್ಲಿ ಮರೆಯದಷ್ಟು ಬೈಸಿಕೊಂಡಳು.

ಐದಕ್ಕೆ ಚಹಾ. ಐದು ಹತ್ತಕ್ಕೆ ಲೋಟ ಕೆಳಗಿಟ್ಟು ಆ ಪಟ್ಟಿ ತೆರೆಯುತ್ತಾಳೆ. ಅಲ್ಲಿ ಗುಬ್ಬಿ ಬರುತ್ತಾನೆ, ಸರ್ವರ್ ಇಲ್ಲ ಎನ್ನುತ್ತದೆ, ಊರಿನ ಆ ತುದಿಯಲ್ಲಿ ಲಿಫ್ಟಿಲ್ಲದ ಮನೆಯಲ್ಲಿ ಲಿಫ್ಟಿನ ಗಂಟೆ ಹೊಡೆಯುತ್ತದೆ. "ಇಳಿದಿದೆ ಕಣೋ," ಎಂದು ಅವಳು ದಿನಾ ಹೇಳುತ್ತಾಳೆ, ಪಕ್ಕದ ಮೇಜಿಗೂ ಕೇಳದಷ್ಟು ಮೆಲ್ಲಗೆ. ಆ ಮಾತು ಎಲ್ಲರ ಹತ್ತಿರವೂ ಇದೆ, ಅವನೊಬ್ಬನ ಯಂತ್ರದಲ್ಲಿ ಇಲ್ಲ. ಅಲ್ಲಿ ಅಕ್ಕನ ಸಿಟ್ಟು ಇನ್ನೂ ಇಳಿದಿಲ್ಲ.